ಗೆಂಟಿಂಗ್ ಬೆಟ್ಟಕ್ಕೆ ಒಂದು ದಿನ: ಅಜ್ಜಿಯ ಮೊಣಕಾಲು, ಮಕ್ಕಳ ಆಟ, ಮಧ್ಯಾಹ್ನದ ಮೋಡ

ಪ್ರಶ್ನೆ: ನಾವು ಬದಿಯಡ್ಕದ ಸಮೀಪದವರು. ತಮ್ಮ ಕೌಲಾಲಂಪುರದಲ್ಲಿ ಉದ್ಯೋಗದಲ್ಲಿರುವುದರಿಂದ ಈ ಬಾರಿ ಓಣಂ ರಜೆಯಲ್ಲಿ ಆರು ದಿನಗಳ ಮಟ್ಟಿಗೆ ಅಲ್ಲಿಗೆ ಹೋಗುವ ಯೋಚನೆ ಇದೆ. ನಾನು, ಪತ್ನಿ, ಮೊಣಕಾಲು ನೋವಿರುವ 71 ವರ್ಷದ ತಾಯಿ, 13 ವರ್ಷದ ಮಗ, 6 ವರ್ಷದ ಮಗಳು, ಹೀಗೆ ಐದು ಮಂದಿ. ಮುರುಗನ್ ಗುಡಿಯಿರುವ ಬಟು ಗುಹೆ ಮತ್ತು ಗೆಂಟಿಂಗ್ ಹೈಲ್ಯಾಂಡ್ಸ್ ಎರಡನ್ನೂ ಒಂದೇ ದಿನದಲ್ಲಿ ತೋರಿಸುವ ಪ್ಯಾಕೇಜ್ ಇದೆಯೆಂದು ಟ್ರಾವೆಲ್ಸ್‌ನವರು ಹೇಳುತ್ತಾರೆ. ಬೆಟ್ಟದ ಮೇಲಿನ ಆ ರೆಸಾರ್ಟ್ ಮತ್ತು ಅಮ್ಯೂಸ್‌ಮೆಂಟ್ ಪಾರ್ಕಿಗೆ ಒಂದು ದಿನ ಸಾಕೇ? ಅಮ್ಮನನ್ನು ಕರೆದೊಯ್ಯಬಹುದೇ? ಅಲ್ಲಿ ಎರಡು ಪಾರ್ಕ್‌ಗಳಿವೆಯಂತೆ, ಯಾವುದಕ್ಕೆ ಟಿಕೆಟ್ ಕೊಳ್ಳಬೇಕು? ನಾವು ಸಸ್ಯಾಹಾರಿಗಳು.

ಉತ್ತರ: ಒಂದು ದಿನ ಸಾಕು, ಅಮ್ಮನನ್ನೂ ಧಾರಾಳವಾಗಿ ಕರೆದೊಯ್ಯಬಹುದು. ಆದರೆ ಐವರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟವನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು, ಬಟು ಗುಹೆಯನ್ನು ಆ ದಿನದ ಪಟ್ಟಿಯಿಂದ ತೆಗೆಯಬೇಕು. ಕಾಸರಗೋಡು, ಪುತ್ತೂರು ಕಡೆಯ ಕುಟುಂಬಗಳಿಗೆ ಈ ಪ್ರವಾಸವನ್ನು ಹಲವು ಬಾರಿ ಯೋಜಿಸಿಕೊಟ್ಟ ಅನುಭವದಿಂದ ಹೇಳುವುದಾದರೆ, ಗೆಂಟಿಂಗ್‌ನಲ್ಲಿ ದಿನ ಕೆಡುವುದು ಸಮಯದ ಕೊರತೆಯಿಂದಲ್ಲ. ಹೊರಗೆ ನೋಡಬೇಕಾದುದನ್ನು ಮಧ್ಯಾಹ್ನಕ್ಕೂ ಒಳಗೆ ನೋಡಬಹುದಾದುದನ್ನು ಬೆಳಿಗ್ಗೆಗೂ ಇಟ್ಟುಕೊಳ್ಳುವ ತಲೆಕೆಳಗಾದ ಕ್ರಮದಿಂದ.

ಮೊದಲು ಜಾಗದ ಸ್ವರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಮಲೇಷ್ಯಾದ ಪರ್ಯಾಯ ದ್ವೀಪಕ್ಕೆ ಬೆನ್ನೆಲುಬಿನಂತೆ ಉತ್ತರದಿಂದ ದಕ್ಷಿಣಕ್ಕೆ ಚಾಚಿರುವ ತಿತಿವಾಂಗ್ಸಾ ಪರ್ವತಸಾಲಿನ ಮೇಲೆ, ಪಹಾಂಗ್ ಮತ್ತು ಸೆಲಂಗೋರ್ ರಾಜ್ಯಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ ಈ ರೆಸಾರ್ಟ್ ಇದೆ. ನಮ್ಮ ಪೊಸಡಿಗುಂಪೆಯ ಎತ್ತರ ಸುಮಾರು 1,060 ಅಡಿ, ಎಂದರೆ 325 ಮೀಟರಿನಷ್ಟು. ರಾಣಿಪುರಂ ಸುಮಾರು 750 ಮೀಟರ್. ಕುದುರೆಮುಖದ ಶಿಖರ 1,894 ಮೀಟರ್. ಹೆಚ್ಚುಕಡಿಮೆ ಕುದುರೆಮುಖದ ತುದಿಯಷ್ಟು ಎತ್ತರದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೋಣೆಗಳ ಹೋಟೆಲ್, ಮಾಲ್, ಎರಡು ಪಾರ್ಕ್, ಕ್ಯಾಸಿನೊ ಎಲ್ಲವನ್ನೂ ಕಟ್ಟಿ ನಿಲ್ಲಿಸಿದ್ದಾರೆಂದು ಕಲ್ಪಿಸಿಕೊಂಡರೆ ಅದರ ವಿಚಿತ್ರ ನಿಮಗೆ ಅರ್ಥವಾದೀತು. ಅಲ್ಲಿನ ಫಸ್ಟ್ ವರ್ಲ್ಡ್ ಹೋಟೆಲಿನ ಕೋಣೆಗಳ ಸಂಖ್ಯೆ 7,351. ಕೋಣೆಗಳ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿ ಅದರ ಹೆಸರಿದೆ.

ಇದನ್ನು ಕಟ್ಟಿದವರು ಚೀನಾದ ಫುಜಿಯಾನ್ ಪ್ರಾಂತದಿಂದ ಯುವಕನಾಗಿದ್ದಾಗಲೇ ಮಲಯಕ್ಕೆ ವಲಸೆ ಬಂದ ಗುತ್ತಿಗೆದಾರ ಲಿಮ್ ಗೋ ಟೋಂಗ್. 1960ರ ದಶಕದಲ್ಲಿ ಕ್ಯಾಮರೂನ್ ಹೈಲ್ಯಾಂಡ್ಸ್‌ನಲ್ಲಿ ಜಲವಿದ್ಯುತ್ ಯೋಜನೆಯ ಕೆಲಸ ಮಾಡಿಸುತ್ತಿದ್ದಾಗ, ಅಲ್ಲಿನ ತಂಪನ್ನು ಕಂಡು, ರಾಜಧಾನಿಗೆ ಇನ್ನೂ ಹತ್ತಿರದಲ್ಲಿ ಇಂಥ ಗಿರಿಧಾಮ ಇದ್ದರೆ ಹೇಗೆ ಎಂಬ ಆಲೋಚನೆ ಅವರಿಗೆ ಹೊಳೆಯಿತು. 1965ರಲ್ಲಿ ಕಾಡು ಕಡಿದು ರಸ್ತೆ ಮಾಡುವ ಕೆಲಸ ಶುರುವಾಯಿತು. ಮೊದಲ ಹೋಟೆಲ್ 1971ರಲ್ಲಿ ತೆರೆಯಿತು. ಈ ಇತಿಹಾಸ ನಿಮ್ಮ ಪ್ರಶ್ನೆಗೆ ನೇರ ಸಂಬಂಧಿಸಿದ್ದಲ್ಲವಾದರೂ ಒಂದು ವಿಷಯಕ್ಕಾಗಿ ಹೇಳಿದೆ: ಚೀನಿಯರು ಈ ಸ್ಥಳವನ್ನು ಕರೆಯುವುದು ಯುನ್ ಡಿಂಗ್ ಎಂದು, ಎಂದರೆ ಮೋಡದ ತುದಿ. ಹೆಸರಲ್ಲೇ ಎಚ್ಚರಿಕೆ ಇದೆ, ಹೆಚ್ಚಿನ ಪ್ರವಾಸಿಗರು ಅದನ್ನು ಜಾಹೀರಾತೆಂದು ಓದಿಕೊಳ್ಳುತ್ತಾರೆ.

ಆ ಮೋಡದ ವಿಚಾರವನ್ನೇ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ದಿನದ ವೇಳಾಪಟ್ಟಿಯನ್ನು ನಿರ್ಧರಿಸಬೇಕಾದುದು ಅದೇ. ನಮ್ಮ ಪಶ್ಚಿಮ ಘಟ್ಟದಲ್ಲಿ ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿಯನ್ನು ಬೆಟ್ಟಗಳು ತಡೆದು ನಿಲ್ಲಿಸುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುತ್ತದೆ, ಉಳಿದ ಕಾಲದಲ್ಲಿ ಆಕಾಶ ಬಹುಮಟ್ಟಿಗೆ ಶುಭ್ರವಾಗಿರುತ್ತದೆ. ಭೂಮಧ್ಯರೇಖೆಗೆ ಬರಿ ಮೂರು ಡಿಗ್ರಿ ಉತ್ತರದಲ್ಲಿರುವ ಆ ಪ್ರದೇಶದಲ್ಲಿ ಅಷ್ಟು ಸ್ಪಷ್ಟವಾದ ಮಳೆಗಾಲ, ಬೇಸಿಗೆಕಾಲಗಳ ವಿಂಗಡಣೆ ಇಲ್ಲ. ಅಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಪುಟ್ಟ ಮಳೆಗಾಲ. ಬೆಳಗಿನ ಬಿಸಿಲಿಗೆ ಕೆಳಗಿನ ಬಯಲು ಕಾಯುತ್ತದೆ, ಮಲಕ್ಕಾ ಜಲಸಂಧಿಯ ಕಡೆಯಿಂದ ಬರುವ ತೇವದ ಗಾಳಿ ಬಿಸಿಯಾಗಿ ಬೆಟ್ಟದ ಇಳಿಜಾರನ್ನು ಹಿಡಿದು ಮೇಲೇರುತ್ತದೆ, ಏರಿದಂತೆ ತಣಿದು ಮಧ್ಯಾಹ್ನದ ಹೊತ್ತಿಗೆ ಮಂಜಾಗಿ ತುದಿಯನ್ನು ಮುಚ್ಚುತ್ತದೆ, ಸಂಜೆಯ ಒಳಗೆ ಎಷ್ಟೋ ದಿನ ಗುಡುಗು ಸಹಿತ ಮಳೆಯಾಗಿ ಸುರಿಯುತ್ತದೆ. ಪ್ರತಿದಿನವೂ ಹೀಗೆಯೇ ಎಂದಲ್ಲ. ಬೆಳಿಗ್ಗೆಯೇ ಮಂಜು ಮುಸುಕಿದ ದಿನಗಳನ್ನೂ ಕಂಡಿದ್ದೇನೆ. ಆದರೂ ಪಣ ಕಟ್ಟುವುದಾದರೆ ಬೆಳಗಿನ ಮೇಲೆ ಕಟ್ಟುವುದೇ ಜಾಣತನ. ಓಣಂ ಬರುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳು ಅಲ್ಲಿ ಅಕ್ಟೋಬರ್, ನವೆಂಬರ್‌ನಷ್ಟು ಮಳೆಯವಲ್ಲ ಎಂಬುದು ನಿಮ್ಮ ಪಾಲಿನ ಅನುಕೂಲ. ಆದರೆ ಕೆಲವು ವರ್ಷ ಅದೇ ತಿಂಗಳುಗಳಲ್ಲಿ ಸುಮಾತ್ರಾದ ಕಾಡು ಮತ್ತು ತೋಟಗಳ ಬೆಂಕಿಯ ಹೊಗೆ ಜಲಸಂಧಿಯನ್ನು ದಾಟಿ ಬಂದು ಕವಿಯುವುದುಂಟು. ಅಮ್ಮನಿಗೆ ಉಬ್ಬಸದ ತೊಂದರೆ ಇದ್ದರೆ ಹೊರಡುವ ವಾರ ಗಾಳಿಯ ಗುಣಮಟ್ಟದ ಸೂಚ್ಯಂಕವನ್ನು ನೋಡಲು ತಮ್ಮನಿಗೆ ಹೇಳಿಡಿ.

ಓಣಂ ರಜೆಗೆ ಇನ್ನೊಂದು ತೊಡಕಿದೆ. ಆಗಸ್ಟ್ 31 ಮಲೇಷ್ಯಾದ ಸ್ವಾತಂತ್ರ್ಯ ದಿನ, ಸೆಪ್ಟೆಂಬರ್ 16 ಮಲೇಷ್ಯಾ ದಿನ. ಎರಡೂ ಸಾರ್ವಜನಿಕ ರಜೆಗಳಾದ ಕಾರಣ ಅವುಗಳ ಹಿಂದುಮುಂದಿನ ವಾರಾಂತ್ಯ ಕೌಲಾಲಂಪುರದ ಅರ್ಧ ಜನ ಆ ಬೆಟ್ಟದಲ್ಲೇ ಇರುತ್ತಾರೇನೋ ಎನ್ನುವಷ್ಟು ನೂಕುನುಗ್ಗಲು. ನಿಮ್ಮ ಆರು ದಿನಗಳಲ್ಲಿ ಮಂಗಳವಾರದಿಂದ ಗುರುವಾರದವರೆಗಿನ ಒಂದು ದಿನವನ್ನು ಗೆಂಟಿಂಗ್‌ಗೆ ಇಡಿ. ಆದರೆ ಹೊರಾಂಗಣ ಪಾರ್ಕಿಗೆ ವಾರದ ನಡುವೆ ಕೆಲವು ದಿನ ಬಿಡುವೂ ಇರುವುದರಿಂದ ಅದರ ಅಧಿಕೃತ ಜಾಲತಾಣದಲ್ಲಿ ತೆರೆದಿರುವ ದಿನಗಳ ಕ್ಯಾಲೆಂಡರ್ ನೋಡಿಯೇ ದಿನ ಗೊತ್ತುಮಾಡಬೇಕು. ಬಂದಿಳಿದ ಮರುದಿನವೇ ಬೇಡ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಅಲ್ಲಿನ ಬೆಳಗಿನ ಏಳು ಗಂಟೆ ಎಂದರೆ ನಿಮ್ಮ ದೇಹದ ಲೆಕ್ಕದಲ್ಲಿ ನಾಲ್ಕೂವರೆ. ಮಂಗಳೂರಿನಿಂದಾಗಲಿ ಕಣ್ಣೂರಿನಿಂದಾಗಲಿ ಹೊರಟು ಬೆಂಗಳೂರಿನಲ್ಲಿ ವಿಮಾನ ಬದಲಿಸಿ, ಅಥವಾ ರಾತ್ರಿಯ ರೈಲಿನಲ್ಲಿ ಕೊಚ್ಚಿಗೆ ಹೋಗಿ ಅಲ್ಲಿಂದ ಹಾರಿ ಬಂದ ಅಜ್ಜಿ ಮತ್ತು ಮೊಮ್ಮಗಳನ್ನು ಆ ಹೊತ್ತಿಗೆ ಎಬ್ಬಿಸಿ ಬೆಟ್ಟ ಹತ್ತಿಸಿದರೆ ಮಧ್ಯಾಹ್ನದ ವೇಳೆಗೆ ಯಾರೂ ಯಾರೊಂದಿಗೂ ಮಾತಾಡುತ್ತಿರುವುದಿಲ್ಲ. ಮೂರನೆಯ ಅಥವಾ ನಾಲ್ಕನೆಯ ದಿನ ಸೂಕ್ತ.

ಇನ್ನು ಹೋಗುವ ದಾರಿ. ಕೌಲಾಲಂಪುರದಿಂದ ದೂರ ಸುಮಾರು 55 ಕಿಲೋಮೀಟರ್, ರಸ್ತೆ ಚೆನ್ನಾಗಿದೆ, ಒಂದು ಗಂಟೆಯ ಆಸುಪಾಸಿನ ಪ್ರಯಾಣ. ತಮ್ಮನ ಕಾರಿದ್ದರೂ ನಾನು ಸೂಚಿಸುವುದು ಬಸ್ಸನ್ನು. ನಗರದ ಮುಖ್ಯ ರೈಲು ನಿಲ್ದಾಣವಾದ ಕೆಎಲ್ ಸೆಂಟ್ರಲ್‌ನಿಂದ ಹೊರಡುವ ಎಕ್ಸ್‌ಪ್ರೆಸ್ ಬಸ್ಸುಗಳು ತುದಿಯವರೆಗೆ ಹೋಗದೆ, ಬೆಟ್ಟದ ಮಧ್ಯಭಾಗದಲ್ಲಿರುವ ಅವಾನಾ ನಿಲ್ದಾಣದಲ್ಲಿ ಇಳಿಸುತ್ತವೆ; ಅಲ್ಲಿಂದ ಮೇಲಕ್ಕೆ ಕೇಬಲ್ ಕಾರು. ಹೀಗಾಗಿ ಅತ್ಯಂತ ಕಡಿದಾದ ತಿರುವುಗಳು ತಪ್ಪುತ್ತವೆ. ಚಾರ್ಮಾಡಿಯಲ್ಲೋ ಸಂಪಾಜೆಯಲ್ಲೋ ಮಗಳಿಗೆ ವಾಂತಿಯಾಗುವ ಅಭ್ಯಾಸವಿದ್ದರೆ ಇದೊಂದೇ ಕಾರಣ ಸಾಕು. ಮೇಲಿನ ರಸ್ತೆ ಹುಡುಗಾಟದ್ದಲ್ಲ: 2013ರ ಆಗಸ್ಟ್‌ನಲ್ಲಿ ಇಳಿಜಾರಿನಲ್ಲಿ ನಿಯಂತ್ರಣ ತಪ್ಪಿದ ಬಸ್ಸೊಂದು ಕಣಿವೆಗೆ ಉರುಳಿ 37 ಮಂದಿ ತೀರಿಕೊಂಡರು. ಬತಾಂಗ್ ಕಾಲಿ ಕಡೆಯಿಂದ ಬರುವ ಇನ್ನೊಂದು ರಸ್ತೆಯ ಬದಿಯ ಶಿಬಿರತಾಣದ ಮೇಲೆ 2022ರ ಡಿಸೆಂಬರ್‌ನಲ್ಲಿ ಗುಡ್ಡ ಕುಸಿದು 31 ಮಂದಿ ಮಡಿದರು. ಹೆದರಿಸಲು ಹೇಳುತ್ತಿಲ್ಲ, ಲಕ್ಷಾಂತರ ಜನ ಆ ದಾರಿಯಲ್ಲಿ ಕ್ಷೇಮವಾಗಿ ಹೋಗಿ ಬರುತ್ತಾರೆ. ಆದರೆ ಬೆಟ್ಟದ ರಸ್ತೆಯ ರೂಢಿಯಿಲ್ಲದವರು ಮಂಜಿನಲ್ಲಿ ಕಾರು ಇಳಿಸುವ ಸಾಹಸಕ್ಕೆ ಕೈಹಾಕಬೇಕಾದ ಅಗತ್ಯವೇ ಇಲ್ಲದಿರುವಾಗ ಏಕೆ ಹಾಕಬೇಕು? ಕಾರಿನಲ್ಲೇ ಹೋಗುವುದಾದರೂ ಅವಾನಾದಲ್ಲಿ ನಿಲ್ಲಿಸಿ ಕೇಬಲ್ ಕಾರನ್ನೇ ಹಿಡಿಯಿರಿ.

ಬಸ್ಸಿನ ಟಿಕೆಟನ್ನು ಹೋಗಲಿಕ್ಕೂ ಬರಲಿಕ್ಕೂ ಮೊದಲೇ ಕಾದಿರಿಸಬೇಕು. ಹೋಗುವಾಗ ಸೀಟು ಸಿಕ್ಕಿತೆಂಬ ಧೈರ್ಯದಲ್ಲಿ ಬರುವಾಗಿನದನ್ನು ಬಿಟ್ಟವರು ಸಂಜೆ ಅವಾನಾದಲ್ಲಿ ಎರಡು ಮೂರು ಬಸ್ಸು ಕಳೆಯುವವರೆಗೆ ಕೂರಬೇಕಾಗುತ್ತದೆ.

ಕೇಬಲ್ ಕಾರಿನ ಕುರಿತು ಅಮ್ಮನಿಗೆ ಅಂಜಿಕೆ ಇರಬಹುದು. ಅದು ಹೇಗೆ ನಡೆಯುತ್ತದೆಂದು ವಿವರಿಸಿದರೆ ಅರ್ಧ ಅಂಜಿಕೆ ಹೋಗುತ್ತದೆ. ಮಲಂಪುಳದ ರೋಪ್‌ವೇಯಲ್ಲಿ ಕಾಲು ಇಳಿಬಿಟ್ಟು ಕೂರುವ ತೆರೆದ ಆಸನಗಳಿರುವಂತೆ ಇಲ್ಲಿ ಇಲ್ಲ. 2016ರಲ್ಲಿ ಶುರುವಾದ ಅವಾನಾ ಸ್ಕೈವೇಯಲ್ಲಿ ಬಾಗಿಲು ಮುಚ್ಚುವ, ಹತ್ತು ಮಂದಿ ಕೂರಬಹುದಾದ ಗಾಜಿನ ಕಿಟಕಿಯ ಗೂಡುಗಳಿವೆ. ನಿಲ್ಲದೆ ಸುತ್ತುತ್ತಿರುವ ಉಕ್ಕಿನ ಹಗ್ಗವೊಂದನ್ನು ಪ್ರತಿಯೊಂದು ಗೂಡೂ ಬಲವಾದ ಸ್ಪ್ರಿಂಗಿನ ಹಿಡಿಕೆಯಿಂದ ಕಚ್ಚಿಕೊಂಡು ಮೇಲೇರುತ್ತದೆ; ನಿಲ್ದಾಣದೊಳಗೆ ಬಂದಾಗ ಆ ಹಿಡಿಕೆ ಬಿಟ್ಟುಕೊಂಡು ಗೂಡು ಬೇರೆ ಹಳಿಯ ಮೇಲೆ ಆಮೆಯಂತೆ ಸಾಗುತ್ತದೆ, ಹತ್ತುವುದು ಇಳಿಯುವುದು ಆಗಲೇ. ಹಗ್ಗ ಓಡುತ್ತಲೇ ಇರುತ್ತದೆ, ಗೂಡು ಮಾತ್ರ ನಿಧಾನವಾಗುತ್ತದೆ. ಆದರೂ ಅದು ಪೂರ್ತಿ ನಿಲ್ಲುವುದಿಲ್ಲವಾದ್ದರಿಂದ ಮೊಣಕಾಲು ನೋವಿರುವವರು ಸರದಿ ಬರುವ ಮೊದಲೇ ಅಲ್ಲಿನ ಸಿಬ್ಬಂದಿಗೆ ಕೈಸನ್ನೆಯಿಂದಾದರೂ ತಿಳಿಸಿದರೆ ಅವರು ಕೈಹಿಡಿದು ಹತ್ತಿಸುತ್ತಾರೆ. ಮೊದಲು ನೀವು ಹತ್ತಿ, ನಂತರ ಅಮ್ಮ, ಹಿಂದಿನಿಂದ ಪತ್ನಿ. ಅಮ್ಮನನ್ನು ಬೆಟ್ಟಕ್ಕೆ ಮುಖ ಮಾಡಿ ಕೂರಿಸಿ; ಕಣಿವೆಗೆ ಮುಖ ಮಾಡಿದವರಿಗೇ ತಲೆ ತಿರುಗುವುದು ಹೆಚ್ಚು. ಕೆಲವು ಗೂಡುಗಳಿಗೆ ತಳವೂ ಗಾಜಿನದೇ, ಅದಕ್ಕೆ ಬೇರೆ ದರ. ಮಗ ಹಟ ಹಿಡಿದರೆ ಅವನೂ ಅವನ ಅಪ್ಪನೂ ಅದರಲ್ಲಿ ಹೋಗಲಿ. ಕೆಳಗೆ ಕಾಣುವುದು ದಟ್ಟ ಮಳೆಕಾಡು. ತಳ ಗಾಜಿನದಲ್ಲದಿದ್ದರೂ ಪಕ್ಕದ ಕಿಟಕಿಯಿಂದ ಅದೇ ಕಾಡು ಕಾಣುತ್ತದೆ ಎಂಬುದು ನನ್ನ ಜಿಪುಣ ಅಭಿಪ್ರಾಯ.

ಒಟ್ಟು ದಾರಿ 2.8 ಕಿಲೋಮೀಟರ್, ಹತ್ತು ನಿಮಿಷದ ಪ್ರಯಾಣ. ಅಷ್ಟರಲ್ಲೇ ನೂರಾರು ಮೀಟರ್ ಏರುವುದರಿಂದ ಕಿವಿ ಕಟ್ಟಿದಂತಾಗುತ್ತದೆ. ಎಲ್ಲರ ಬಾಯಿಗೂ ಒಂದೊಂದು ಮಿಠಾಯಿ ಕೊಟ್ಟು ಎಂಜಲು ನುಂಗುತ್ತಿರಲು ಹೇಳಿದರೆ ಸರಿಹೋಗುತ್ತದೆ. ಎತ್ತರದಿಂದ ಉಸಿರಾಟಕ್ಕೆ ತೊಂದರೆಯಾದೀತೇ ಎಂದು ಕೆಲವರು ಕೇಳುತ್ತಾರೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರಿನ ಮೇಲೆ. ಊಟಿ 2,240 ಮೀಟರ್ ಎತ್ತರದಲ್ಲಿದೆ, ಅಲ್ಲಿ ಓಡಾಡಿದ ಅಮ್ಮನಿಗೆ ಇಲ್ಲಿ ಏನೂ ಆಗದು. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಾದರೆ ಮಾತ್ರ ಹೊರಡುವ ಮುಂಚೆ ನೋಡುವ ವೈದ್ಯರ ಒಪ್ಪಿಗೆ ಕೇಳಿ.

ಸಿಡಿಲು ಅಥವಾ ಜೋರು ಗಾಳಿ ಬಂದಾಗ ಕೇಬಲ್ ಕಾರನ್ನು ನಿಲ್ಲಿಸುತ್ತಾರೆ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಒಮ್ಮೆ ಎಂಟು ಮಂದಿಯ ಗುಂಪಿಗೆ ಗೆಂಟಿಂಗ್ ನೋಡಿದ ರಾತ್ರಿಯೇ ಹಿಂದಿರುಗುವ ವಿಮಾನವನ್ನು ಹೊಂದಿಸಿದ್ದೆ; ಸಂಜೆ ನಾಲ್ಕಕ್ಕೆ ಗುಡುಗು ಶುರುವಾಗಿ ಒಂದೂವರೆ ಗಂಟೆ ಹಗ್ಗ ಅಲ್ಲಾಡಲಿಲ್ಲ, ಅದು ಮತ್ತೆ ಶುರುವಾದಾಗ ಸರದಿ ಮಾಲಿನ ಇನ್ನೊಂದು ತುದಿಯವರೆಗೆ ಬೆಳೆದಿತ್ತು. ವಿಮಾನ ತಪ್ಪಿತು, ಹೊಸ ಟಿಕೆಟಿನ ಅರ್ಧ ಹಣವನ್ನು ನಾನೇ ಭರಿಸಿದೆ. ಅಂದಿನಿಂದ ಗೆಂಟಿಂಗ್ ದಿನದ ರಾತ್ರಿ ಯಾವ ವಿಮಾನವನ್ನೂ ರೈಲನ್ನೂ ಇಟ್ಟುಕೊಳ್ಳಬಾರದೆಂಬುದು ನನ್ನ ನಿಯಮ.

ಈಗ ದಿನದ ಕ್ರಮ. ಏಳು, ಏಳೂವರೆಯ ಬಸ್ಸು ಹಿಡಿದರೆ ಒಂಬತ್ತರ ಒಳಗೆ ಕೇಬಲ್ ಕಾರಿನಲ್ಲಿರುತ್ತೀರಿ. ನೇರ ತುದಿಗೆ ಹೋಗಬೇಡಿ. ನಡುವಿನ ಚಿನ್ ಸ್ವೀ ನಿಲ್ದಾಣದಲ್ಲಿ ಇಳಿಯಿರಿ. ಲಿಮ್ ಗೋ ಟೋಂಗ್ ತಮ್ಮ ಹುಟ್ಟೂರಿನ ಕಡೆಯವರು ಪೂಜಿಸುವ ಚಿನ್ ಸ್ವೀ ಎಂಬ ಸಂತನಿಗಾಗಿ ಕಟ್ಟಿಸಿದ ದೇವಾಲಯ ಅಲ್ಲಿದೆ. ಒಂಬತ್ತು ಅಂತಸ್ತಿನ ಪಗೋಡ, ಕಲ್ಲಿನ ದೊಡ್ಡ ಬುದ್ಧ ವಿಗ್ರಹ, ಬಂಡೆಯ ಅಂಚಿನ ಅಂಗಳದಿಂದ ಕೆಳಗಿನ ಕಣಿವೆಯ ನೋಟ, ಪ್ರವೇಶಕ್ಕೆ ಹಣವಿಲ್ಲ. ಪಾಪಿಗಳಿಗೆ ನರಕದಲ್ಲಿ ದೊರೆಯುವ ಶಿಕ್ಷೆಗಳನ್ನು ಬಣ್ಣದ ಗೊಂಬೆಗಳಲ್ಲಿ ತೋರಿಸಿರುವ ಒಂದು ಸಾಲು ಇದೆ. ಗರುಡ ಪುರಾಣದ ಪಾರಾಯಣ ಕೇಳಿ ಬೆಳೆದ ಅಮ್ಮನಿಗೆ ಅದು ಕೂಡಲೇ ಅರ್ಥವಾದೀತು, ಆರು ವರ್ಷದ ಮಗಳಿಗೆ ರಾತ್ರಿ ಕನಸಿನಲ್ಲಿ ಬಂದೀತು, ಆದ್ದರಿಂದ ಆ ಕಡೆಗೆ ಅವಳನ್ನು ಕರೆದೊಯ್ಯದಿರುವುದೇ ಲೇಸು. ನಿಲ್ದಾಣದಿಂದ ದೇವಾಲಯಕ್ಕೆ ಎಸ್ಕಲೇಟರುಗಳಿವೆ, ದೇವಾಲಯದ ಒಳಗೆ ಮಾತ್ರ ಮೆಟ್ಟಿಲುಗಳನ್ನು ತಪ್ಪಿಸಲಾಗದು. ಅಮ್ಮ ಬುದ್ಧನ ಅಂಗಳದವರೆಗೆ ಬಂದು ಕುಳಿತರೆ ಸಾಕು. ನನ್ನ ಮಟ್ಟಿಗೆ ಇಡೀ ಬೆಟ್ಟದಲ್ಲಿ ಅತ್ಯಂತ ಸುಂದರವಾದ ಜಾಗ ಇದೇ, ಪ್ಯಾಕೇಜಿನವರು ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಇಲ್ಲಿ ಒಂದು ಗಂಟೆ ಕಳೆದು ಮೇಲೇರುವಷ್ಟರಲ್ಲಿ ಪಾರ್ಕುಗಳ ಬಾಗಿಲು ತೆರೆಯುವ ಹೊತ್ತಾಗಿರುತ್ತದೆ.

ಪಾರ್ಕುಗಳು ಎರಡು. 2018ರ ಕೊನೆಯಲ್ಲಿ ತೆರೆದ ಸ್ಕೈಟ್ರೊಪೊಲಿಸ್ ಹೋಟೆಲಿನ ಕಟ್ಟಡದೊಳಗೇ ಇರುವ ಒಳಾಂಗಣ ಪಾರ್ಕು: ನಿಯಾನ್ ದೀಪಗಳು, ಸುತ್ತುವ ತೊಟ್ಟಿಲುಗಳು, ಚಿಕ್ಕ ಮಕ್ಕಳಿಗೆ ಸರಿಹೋಗುವ ಹಲವು ಆಟಗಳು. ಮಳೆಗೂ ಮಂಜಿಗೂ ಅದಕ್ಕೂ ಸಂಬಂಧವಿಲ್ಲ. 2022ರ ಫೆಬ್ರವರಿಯಲ್ಲಿ ತೆರೆದ ಸ್ಕೈವರ್ಲ್ಡ್ಸ್ ಹೊರಾಂಗಣದ್ದು: 26 ಎಕರೆ, ಒಂಬತ್ತು ವಿಭಾಗಗಳು. ಮೊದಲು ಹಾಲಿವುಡ್‌ನ ಒಂದು ದೊಡ್ಡ ಚಿತ್ರಸಂಸ್ಥೆಯ ಹೆಸರಿನಲ್ಲಿ ಬರಬೇಕಿದ್ದ ಈ ಪಾರ್ಕು, ಆ ಸಂಸ್ಥೆಯೇ ಇನ್ನೊಂದರ ವಶವಾದ ಮೇಲೆ ಮೊಕದ್ದಮೆ, ರಾಜಿ ಎಂದೆಲ್ಲ ಅಲೆದು ಬೇರೆ ಹೆಸರಿನಲ್ಲಿ ತೆರೆಯಿತು. ದೊಡ್ಡ ಸವಾರಿಗಳು ಇರುವುದು ಇಲ್ಲಿ. ಎರಡಕ್ಕೂ ಬೇರೆ ಬೇರೆ ಟಿಕೆಟ್. ಒಂದರದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ.

ನನ್ನ ಸಲಹೆ: ಐದು ಟಿಕೆಟ್ ಕೊಳ್ಳಬೇಡಿ, ಎರಡು ಪಾರ್ಕಿಗೆ ಹತ್ತು ಟಿಕೆಟ್ ಅಂತೂ ಕನಸಿನಲ್ಲೂ ಬೇಡ. ಮಗ ಮತ್ತು ನೀವು ಸ್ಕೈವರ್ಲ್ಡ್ಸ್‌ಗೆ ಹೋಗಿ. ಪತ್ನಿ ಮತ್ತು ಮಗಳು ಸ್ಕೈಟ್ರೊಪೊಲಿಸ್‌ಗೆ ಹೋಗಲಿ. ಪಕ್ಕದ ಮಾಲಿನಲ್ಲಿ ಕೂರಲು ಬೇಕಾದಷ್ಟು ಜಾಗವಿರುವುದರಿಂದ ಅಮ್ಮ ಅಲ್ಲೇ ಚಾಯ ಕುಡಿಯುತ್ತ ಜನರನ್ನು ನೋಡುತ್ತ ಇರಬಹುದು, ತಮ್ಮ ರಜೆ ಹಾಕಿ ಜೊತೆಗೆ ಬಂದರೆ ಅವರೊಂದಿಗೆ ಅವನಿರಲಿ. ಹೀಗೆ ಬೇರ್ಪಡುವುದು ಕುಟುಂಬ ಪ್ರವಾಸಕ್ಕೆ ಸಲ್ಲದೆಂದು ಕೆಲವರಿಗೆ ಅನಿಸುತ್ತದೆ. ಆದರೆ ಆರು ವರ್ಷದ ಮಗುವಿನ ಎತ್ತರ ಸಾಮಾನ್ಯವಾಗಿ 110ರಿಂದ 115 ಸೆಂಟಿಮೀಟರ್. ದೊಡ್ಡ ಸವಾರಿಗಳಿಗೆ ಅದಕ್ಕಿಂತ ಹೆಚ್ಚಿನ ಎತ್ತರ ಬೇಕು. ಅಣ್ಣ ಸವಾರಿ ಮಾಡುವಾಗ ತಂಗಿ ಬೇಲಿಯ ಹೊರಗೆ ಅಳುತ್ತ, ಅಜ್ಜಿ ಅವಳನ್ನು ಸಮಾಧಾನಿಸುತ್ತ, ಅಪ್ಪ ಗಡಿಯಾರ ನೋಡುತ್ತ ನಿಂತ ಚಿತ್ರವನ್ನು ಎಷ್ಟೋ ಬಾರಿ ಕಂಡಿರುವುದರಿಂದ ಹೇಳುತ್ತಿದ್ದೇನೆ. ಮಗಳನ್ನು ಮನೆಯ ಗೋಡೆಗೆ ನಿಲ್ಲಿಸಿ ಅಳೆದು, ಪಾರ್ಕಿನ ಜಾಲತಾಣದಲ್ಲಿ ಪ್ರತಿ ಸವಾರಿಗೂ ಕೊಟ್ಟಿರುವ ಎತ್ತರದ ಮಿತಿಯೊಂದಿಗೆ ಹೋಲಿಸಿ. ಅವಳ ಅಳತೆ ಮಿತಿಗಿಂತ ಮೇಲಿದ್ದರೆ ನನ್ನ ವಿಂಗಡಣೆಯನ್ನು ಬದಲಿಸಿಕೊಳ್ಳಬಹುದು.

ಸ್ಕೈವರ್ಲ್ಡ್ಸ್‌ನ ಒಳಗೆ ಹೋದವರು ದೊಡ್ಡ ಸವಾರಿಗಳನ್ನು ಒಂದರ ಬೆನ್ನಿಗೆ ಒಂದರಂತೆ ಮೊದಲ ಎರಡು ಗಂಟೆಯಲ್ಲೇ ಮುಗಿಸಬೇಕು, ಏಕೆಂದರೆ ಮಳೆ, ಸಿಡಿಲು ಬಂದಾಗ ಮೊದಲು ನಿಲ್ಲುವುದು ಅವೇ. ಸರದಿಯನ್ನು ಮೊಬೈಲಿನಲ್ಲೇ ಕಾದಿರಿಸುವ ವ್ಯವಸ್ಥೆ ಅವರ ಆ್ಯಪ್‌ನಲ್ಲಿದೆ, ಅದನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡು ನೋಂದಾಯಿಸಿಕೊಳ್ಳಿ. ಛತ್ರಿ ಅಲ್ಲಿ ಕೈತುಂಬ ಭಾರ. ತೆಳುವಾದ ಮಳೆಯಂಗಿ ಉತ್ತಮ. ಮಧ್ಯಾಹ್ನ ಎರಡರ ನಂತರ ಮಂಜು ಬಂದರೆ ಬೇಸರಿಸದೆ ಒಳಗೆ ಬಂದು ಬಿಡಿ. ನೋಡಬೇಕಾದುದನ್ನು ಅಷ್ಟರಲ್ಲಿ ನೋಡಿ ಆಗಿರುತ್ತದೆ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮಕ್ಕಳಿಗೆ ಬೇಕಾದುದು ಸವಾರಿಗಳು ಮಾತ್ರವಾದರೆ ಅದಕ್ಕಾಗಿ ಮಲೇಷ್ಯಾದವರೆಗೆ ಹೋಗಬೇಕಿಲ್ಲ. ಪರಶ್ಶಿನಿಕಡವಿನ ವಿಸ್ಮಯ ಪಾರ್ಕಿಗೆ ಬದಿಯಡ್ಕದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು, ಕೊಚ್ಚಿಯ ವಂಡರ್‌ಲಾ ಇದೆ. ಗೆಂಟಿಂಗ್‌ನ ವಿಶೇಷ ಇರುವುದು ಕಾಡಿನ ಮೇಲೆ ತೂಗುವ ಆ ಹತ್ತು ನಿಮಿಷ, ಸೆಕೆಯ ಊರಿನಿಂದ ಒಂದೇ ಗಂಟೆಯಲ್ಲಿ ಚಳಿಯ ಊರಿಗೆ ಬಂದ ಬೆರಗು, ಕಾಲಬುಡದಲ್ಲಿ ಮೋಡ ತೆವಳುವ ನೋಟ, ಇವುಗಳಲ್ಲಿ. ಪಾರ್ಕಿನ ಟಿಕೆಟ್ ಇಲ್ಲದೆಯೂ ಇವೆಲ್ಲ ಸಿಗುತ್ತವೆ. ಆದ್ದರಿಂದ ಅಮ್ಮ ಪಾರ್ಕಿನೊಳಗೆ ಹೋಗದಿದ್ದರೆ ಅವರಿಗೆ ನಷ್ಟವಾಯಿತೆಂದು ಭಾವಿಸಬೇಡಿ.

ಚಳಿಯ ವಿಷಯ. ಗಾಳಿಯ ಉಷ್ಣಾಂಶ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ಇಳಿಯುತ್ತದೆ. ಕೆಳಗೆ 32 ಡಿಗ್ರಿ ಇದ್ದರೆ ಮೇಲೆ 20ರ ಆಸುಪಾಸು, ಮಂಜು ಮುಸುಕಿ ಗಾಳಿ ಬೀಸಿದರೆ ಅದಕ್ಕಿಂತ ಕಡಿಮೆ ಅನಿಸುತ್ತದೆ. ಸ್ವೆಟರ್ ಎಂಬುದು ನಮ್ಮ ಕಡೆ ಮಡಿಕೇರಿಗೆ ಹೋಗುವಾಗ ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆಯುವ ವಸ್ತು. ಒಂದೊಂದು ಸಾಕು, ಅಮ್ಮನಿಗೆ ಮಾತ್ರ ಕಾಲುಚೀಲ ಮತ್ತು ಕಿವಿ ಮುಚ್ಚುವ ವಸ್ತ್ರವೂ ಇರಲಿ. ಚಳಿಗೆ ಮೊಣಕಾಲು ಬಿಗಿಯುವುದು ನಿಮಗೆ ಗೊತ್ತಿರುವುದೇ, ಮೊಣಕಾಲಿನ ಪಟ್ಟಿಯನ್ನು ಹೊರಡುವಾಗಲೇ ಹಾಕಿಸಿ.

ಊಟಕ್ಕೆ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಅಲ್ಲಿನ ಸಂಬಲ್ ಎಂಬ ಕೆಂಪು ಚಟ್ನಿಯಲ್ಲಿ ಹೆಚ್ಚಾಗಿ ಬೆಲಚಾನ್, ಎಂದರೆ ಸಿಗಡಿಯನ್ನು ಹುಳಿಯಿಸಿ ಮಾಡಿದ ಮುದ್ದೆ ಇರುತ್ತದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ನಾಸಿ ಲೆಮಾಕ್ ಅನ್ನ ನಮ್ಮ ಕಾಯಿಹಾಲಿನ ಅನ್ನದಂತೆ ಕಂಡರೂ ಜೊತೆಗೆ ಒಣಮೀನು ಬರುವುದು ರೂಢಿ. ರೊಟಿ ಚನಾಯ್ ಎಂಬ ಪರೋಟ ಸರಿ, ಆದರೆ ಜೊತೆಗಿನ ಸಾರು ಬೇಳೆಯದೇ ಎಂದು ಕೇಳಿಕೊಳ್ಳಬೇಕು. ಹಲಾಲ್ ಎಂಬ ಫಲಕಕ್ಕೂ ಸಸ್ಯಾಹಾರಕ್ಕೂ ಸಂಬಂಧವಿಲ್ಲ. ಸುಲಭ ಉಪಾಯವೊಂದಿದೆ: ಬಸ್ಸು ಹೊರಡುವ ಕೆಎಲ್ ಸೆಂಟ್ರಲ್‌ಗೆ ತಾಗಿಕೊಂಡೇ ಬ್ರಿಕ್‌ಫೀಲ್ಡ್ಸ್ ಎಂಬ ಭಾರತೀಯರ ಬೀದಿ ಇದೆ. ಹಿಂದಿನ ಸಂಜೆಯೇ ಅಲ್ಲಿನ ಶುದ್ಧ ಸಸ್ಯಾಹಾರಿ ಹೋಟೆಲುಗಳಲ್ಲಿ ವಿಚಾರಿಸಿ, ಬೆಳಿಗ್ಗೆ ಇಡ್ಲಿಯನ್ನೋ ತೋಸೈ ಎಂದು ಅವರು ಬರೆಯುವ ನಮ್ಮ ದೋಸೆಯನ್ನೋ ಕಟ್ಟಿಸಿಕೊಳ್ಳಿ. ಹತ್ತು ಮಾತು ತಮಿಳು ಬಂದರೆ ಅಲ್ಲಿ ಯಾವ ಕಷ್ಟವೂ ಇಲ್ಲ. ಮಲೆಯಾಳ ಬಲ್ಲ ಕಾಸರಗೋಡಿನವರಿಗೆ ಅಷ್ಟು ತಮಿಳು ತಾನಾಗಿಯೇ ಬರುತ್ತದೆ. ಮೇಲೆ ಮಾಲಿನಲ್ಲಿ ಮಧ್ಯಾಹ್ನ ಹಣ್ಣು, ಬ್ರೆಡ್ಡು, ಕಾಫಿ ಸಿಗುತ್ತವೆ. ಕಟ್ಟಿಕೊಂಡ ತಿಂಡಿಯನ್ನು ಪಾರ್ಕಿನೊಳಗೆ ಬಿಡುವುದಿಲ್ಲ, ಚಿನ್ ಸ್ವೀಯ ಅಂಗಳದಲ್ಲೇ ಮುಗಿಸಿ.

ಕ್ಯಾಸಿನೊ ಕುರಿತು ನೀವು ಕೇಳಿಲ್ಲ, ಆದರೆ ದಾರಿಯಲ್ಲಿ ಅದರ ಬಾಗಿಲು ಸಿಗುತ್ತದೆ. ಮಲೇಷ್ಯಾದಲ್ಲಿ ಕಾನೂನು ಒಪ್ಪಿದ ಕ್ಯಾಸಿನೊ ಅದೊಂದೇ. 21 ವರ್ಷಕ್ಕಿಂತ ಕೆಳಗಿನವರಿಗೆ ಪ್ರವೇಶವಿಲ್ಲ. ಮಕ್ಕಳೊಂದಿಗೆ ಹೋದವರು ಆ ಬಾಗಿಲನ್ನು ದಾಟಿ ನಡೆದರೆ ಆಯಿತು.

ಭಾರತೀಯರಿಗೆ 2023ರ ಡಿಸೆಂಬರ್‌ನಿಂದ 30 ದಿನಗಳವರೆಗಿನ ಭೇಟಿಗೆ ವೀಸಾ ಬೇಡವೆಂದು ಮಲೇಷ್ಯಾ ಮಾಡಿದ್ದು ಅವಧಿಯ ಮೇಲೆ ಮುಂದುವರಿಸುತ್ತ ಬಂದ ರಿಯಾಯಿತಿ, ಶಾಶ್ವತವಾದುದಲ್ಲ. ವಿಮಾನದ ಟಿಕೆಟ್ ಕೊಳ್ಳುವ ದಿನ ಅದರ ಸ್ಥಿತಿಯನ್ನು ಒಮ್ಮೆ ಖಚಿತಪಡಿಸಿಕೊಳ್ಳಿ. ತಲುಪುವ ಮುಂಚಿನ ಮೂರು ದಿನಗಳ ಒಳಗೆ ಐವರ ಹೆಸರಿನಲ್ಲೂ ಡಿಜಿಟಲ್ ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ; ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಎಲ್ಲರೂ ಮಾಲಿನ ನಿಗದಿತ ಜಾಗದಲ್ಲಿ ಸೇರಿ, ನಾಲ್ಕೂವರೆಗೆ ಕೇಬಲ್ ಕಾರು ಹಿಡಿದು, ಐದೂವರೆ ಆಸುಪಾಸಿನ ಬಸ್ಸಿಗೆ ಸೀಟು ಮಾಡಿಸಿಟ್ಟಿದ್ದರೆ ಕೇಬಲ್ ಕಾರು ಸ್ವಲ್ಪ ಹೊತ್ತು ನಿಂತರೂ ಪರವಾಗಿಲ್ಲ. ಅಲ್ಲೇ ಒಂದು ರಾತ್ರಿ ತಂಗುವುದು ಹೇಗೆಂದು ತಮ್ಮ ಕೇಳಿಯಾರು. ಮಕ್ಕಳಿಬ್ಬರೂ ಹದಿಹರೆಯದವರಾಗಿದ್ದರೆ ನಾನು ಹೌದೆನ್ನುತ್ತಿದ್ದೆ; ಆರು ದಿನಗಳ ಪ್ರವಾಸದಲ್ಲಿ, ಈ ವಯಸ್ಸುಗಳ ಮಿಶ್ರಣದಲ್ಲಿ, ಸಾವಿರಾರು ಕೋಣೆಗಳ ಹೋಟೆಲಿನ ಚೆಕ್‌ ಇನ್ ಸರದಿಯಲ್ಲಿ ನಿಲ್ಲುವುದಕ್ಕಿಂತ ತಮ್ಮನ ಮನೆಯ ಹಾಸಿಗೆ ಮೇಲು.

ಬಟು ಗುಹೆಗೆ ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಬೇರೆಯಾಗಿ ಹೋಗಿ. ಕೆಎಲ್ ಸೆಂಟ್ರಲ್‌ನಿಂದ ಲೋಕಲ್ ರೈಲು ಗುಹೆಯ ಬುಡದವರೆಗೇ ಬರುತ್ತದೆ. 2006ರಲ್ಲಿ ಪ್ರತಿಷ್ಠೆಯಾದ 42.7 ಮೀಟರ್ ಎತ್ತರದ ಮುರುಗನ್ ವಿಗ್ರಹವನ್ನು ಅಮ್ಮ ಕೆಳಗಿನಿಂದಲೇ ಕಣ್ತುಂಬ ನೋಡಬಹುದು. ಕುಕ್ಕೆಗೆ ನಡೆದುಕೊಳ್ಳುವ ಮನೆಯವರಾದರೆ ಆ ಎತ್ತರದಲ್ಲಿ ಸುಬ್ರಹ್ಮಣ್ಯನನ್ನು ಕಂಡಾಗಿನ ಅವರ ಮುಖವನ್ನು ನೀವೇ ನೋಡಬೇಕು. 272 ಮೆಟ್ಟಿಲು ಹತ್ತಿ ಗುಹೆಯ ಗುಡಿಗೆ ನೀವೂ ಮಕ್ಕಳೂ ಹೋಗಿಬನ್ನಿ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಕೈಯಲ್ಲಿ ಬಾಳೆಹಣ್ಣು ಹಿಡಿಯಬೇಡಿ, ಮಂಗಗಳು ನಮ್ಮೂರಿನವಕ್ಕಿಂತ ಜೋರು. ನೀವು ಇಳಿದು ಬರುವಷ್ಟರಲ್ಲಿ ಅಮ್ಮ ಕೆಳಗಿನ ಗುಡಿಗಳಿಗೆ ಕೈಮುಗಿದು, ರೈಲು ನಿಲ್ದಾಣದ ಪಕ್ಕದಲ್ಲೇ ಇರುವ ಹನುಮಂತನ ದೊಡ್ಡ ಮೂರ್ತಿಯ ಬಳಿ ನಿಧಾನವಾಗಿ ಬಂದು ಕೂತಿರಬಹುದು.